ಹಳೆ ಜರ್ಮನ್ ಕೋವಿಯ ಮೇಲಿನ 108,49 ಅಂದರೆ ಯಾವ ತೋಟಾ?

ನಿಮ್ಮ ಪ್ರಶ್ನೆ ಇದು: ಜರ್ಮನಿಯಲ್ಲಿ ನಿಮ್ಮ ಗಂಡನ ಅಜ್ಜನಿಂದ ಬಂದ ಕೋವಿಗೆ ಮೇಲೆ ಜೋಡು ನಳಿಗೆ, ಕೆಳಗೆ ಇನ್ನೊಂದು. ನಳಿಗೆ ಕಳಚಿ ತಿರುಗಿಸಿದರೆ ಕಿರೀಟದ ಕೆಳಗೆ ಯು, ಎಸ್, ಡಬ್ಲ್ಯು, ಜಿ ಅಕ್ಷರಗಳು, ವೃತ್ತದೊಳಗೆ 16, ಪಕ್ಕದಲ್ಲಿ 108,49. ಜೊತೆಗೆ ಕ್ರುಪ್, ಎಸ್ಸೆನ್ ಎಂಬ ಬರಹ. ಯಾವ ತೋಟಾ, ಯಾರು ಮಾಡಿದ್ದು, ಹಾರಿಸಬಹುದಾ?

ನಾನು ಉಲ್ಮ್ ಹತ್ತಿರ ಇದ್ದೇನೆ. ಇಲ್ಲಿನ ಕೋವಿ ರಿಪೇರಿ ಅಂಗಡಿಯೊಂದಕ್ಕೆ ಏಳು ವರ್ಷದಿಂದ ಶನಿವಾರ ಶನಿವಾರ ಹೋಗುತ್ತೇನೆ. ಇಂಥ ಕೋವಿಗಳೆಂದರೆ ನನಗೆ ತುಂಬಾ ಇಷ್ಟ. ಮೂರು ನಳಿಗೆಯ ಇದನ್ನು ಇಲ್ಲಿ ಡ್ರಿಲ್ಲಿಂಗ್ ಅಂತಾರೆ. ಡ್ರೈ ಅಂದರೆ ಮೂರು.

ಮೊದಲು ಅಕ್ಷರಗಳು. 1891ರ ಜರ್ಮನ್ ಕಾನೂನಿನಂತೆ 1893ರ ಏಪ್ರಿಲ್‌ನಿಂದ ಪ್ರತಿ ನಳಿಗೆಗೂ ಹೆಚ್ಚು ಮದ್ದು ಹಾಕಿ ಪರೀಕ್ಷೆ ಮಾಡಿ ಮುದ್ರೆ ಒತ್ತುತ್ತಿದ್ದರು. ಎಸ್ ಅಂದರೆ ಚರೆ ಹಾರಿಸುವ ನಳಿಗೆ. ಡಬ್ಲ್ಯು ಅಂದರೆ ಅದರ ಬಾಯಿ ಸ್ವಲ್ಪ ಕಿರಿದು, ಅಂದರೆ ಚೋಕ್ ಇದೆ. ಜಿ ಅಂದರೆ ಒಳಗೆ ಸುತ್ತುಗೆರೆ ಕೊರೆದ ರೈಫಲ್ ನಳಿಗೆ. ಯು ಅಂದರೆ ಪರೀಕ್ಷೆ ಆದಮೇಲೆ ತಪಾಸಣೆ ಮಾಡಿದ ಗುರುತು.

ಈಗ 108,49, ಅಂದರೆ 108.49; ಜರ್ಮನ್ನರು ದಶಮಾಂಶ ಚುಕ್ಕೆಯ ಬದಲು ಅಲ್ಪವಿರಾಮ ಹಾಕುತ್ತಾರೆ. ಇದನ್ನು ಸೀರಿಯಲ್ ನಂಬರ್ ಅಂದುಕೊಳ್ಳುವವರೇ ಜಾಸ್ತಿ. ಆದರೆ ಇದು 16 ಬೋರ್, 12 ಬೋರ್ ಅಂತೀವಲ್ಲ, ಅದೇ ಲೆಕ್ಕ. ಒಂದು ಪೌಂಡ್ ಸೀಸದಲ್ಲಿ ಒಂದೇ ಅಳತೆಯ 16 ಗುಂಡು ಮಾಡಿದರೆ ಒಂದೊಂದೂ ಸುಮಾರು 16.8 ಮಿಲಿಮೀಟರ್ ಅಗಲ ಬರುತ್ತದೆ. ಅಷ್ಟೇ ಸೀಸವನ್ನು 108.49 ಪಾಲು ಮಾಡಿದರೆ 8.89 ಮಿಲಿಮೀಟರ್. ನಿಮ್ಮ ಕೆಳಗಿನ ನಳಿಗೆಯೊಳಗೆ ಪರೀಕ್ಷೆಯವರ ಅಳತೆಕಡ್ಡಿ ಅಷ್ಟು ಅಗಲದ್ದು ಹೋಗಿದೆ, ಅಷ್ಟೇ ಅದರ ಅರ್ಥ. ಗೆರೆಗಳ ಮಧ್ಯದ ಎತ್ತರದ ಭಾಗದ ಅಳತೆ ಅದು. 1912ರ ಹೊತ್ತಿಗೆ ಈ ಲೆಕ್ಕ ಬಿಟ್ಟು ಮಿಲಿಮೀಟರ್‌ನಲ್ಲೇ ಒತ್ತತೊಡಗಿದರು. ಹಾಗಾಗಿ ನಿಮ್ಮ ಕೋವಿ 1893ಕ್ಕೂ 1912ಕ್ಕೂ ನಡುವಿನದು ಅನ್ನಬಹುದು.

ಗುಂಡು ಗೆರೆಗಳ ಒಳಗೂ ತುಂಬಬೇಕಾದ್ದರಿಂದ ಈ ಅಳತೆಗಿಂತ ಸ್ವಲ್ಪ ಅಗಲ ಇರುತ್ತದೆ. ಹಾಗಾಗಿ 8.89 ಅಂದಾಗ ಮೊದಲು ನೆನಪಾಗುವುದು 9,3×72 ಆರ್: ಗುಂಡಿನ ಅಗಲ ಸುಮಾರು 9.3, ತೋಟಾದ ಕೋಶದ ಉದ್ದ 72 ಮಿಲಿಮೀಟರ್, ಆರ್ ಅಂದರೆ ಅಂಚು. ಡ್ರಿಲ್ಲಿಂಗ್‌ಗಳಲ್ಲಿ ಬಹಳ ಕಾಣುವ, ಉದ್ದನೆಯ, ಅಂಚಿರುವ ತೋಟಾ. ಆದರೆ 9,3×82 ಆರ್ ಕೂಡ ಇದೆ. ತೋಟಾದ ಉದ್ದ, ಆಕಾರ ಮುದ್ರೆಯಲ್ಲಿ ಇಲ್ಲವೇ ಇಲ್ಲ! ಅದಕ್ಕೇ ಮುದ್ರೆ ನೋಡಿ ತೋಟಾ ಕೊಳ್ಳಬೇಡಿ. ಬಿಸಿನೀರಿನ ಶಾಖಕ್ಕೇ ಕರಗುವ ಬಿಸ್ಮತ್ ಮಿಶ್ರಲೋಹ ಇದೆ. ರಿಪೇರಿಯವರು ಅದನ್ನು ತೋಟಾ ಕೂರುವ ಜಾಗಕ್ಕೆ ಹುಯ್ದು, ಗಟ್ಟಿಯಾದ ಮೇಲೆ ಹೊರಗೆ ತೆಗೆಯುತ್ತಾರೆ. ಬೆಳ್ಳಿಯಂತೆ ಹೊಳೆಯುವ ಆ ಅಚ್ಚಿನ ಮೇಲೆ ಸುತ್ತುಗೆರೆ ಕೂಡ ಸ್ಪಷ್ಟವಾಗಿ ಮೂಡಿರುತ್ತದೆ. ಅದನ್ನು ಕ್ಯಾಲಿಪರ್‌ನಲ್ಲಿ ಅಳೆದರೆ ಮಾತ್ರ ಸರಿಯಾದ ಉತ್ತರ.

16 ಬೋರ್ ಕಡೆಗೂ ಗಮನ ಕೊಡಿ. ಆ ಕಾಲದ ಚೇಂಬರ್, ಅಂದರೆ ತೋಟಾ ಕೂರುವ ಜಾಗ, ಸಾಮಾನ್ಯವಾಗಿ 65 ಮಿಲಿಮೀಟರ್. ಇವತ್ತು ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ 70ರ ತೋಟಾ; ಅದು ಹಾರಿಸಿ ಬಿಚ್ಚಿಕೊಂಡ ಮೇಲಿನ ಉದ್ದ. ಬಾಯಿ ಮಡಚಿರುವುದರಿಂದ ಅದು ಒಳಗೆ ಸಲೀಸಾಗಿ ಹೋಗುತ್ತದೆ, ಮೋಸ ಆಗುವುದೇ ಅಲ್ಲಿ. ಹಾರಿಸಿದಾಗ ಮಡಿಕೆ ಬಿಚ್ಚಿ ಕಿರಿದಾದ ಜಾಗದೊಳಕ್ಕೆ ಚಾಚುತ್ತದೆ, ಚರೆಗೆ ದಾರಿ ಇಕ್ಕಟ್ಟಾಗುತ್ತದೆ, ಒತ್ತಡ ಏರುತ್ತದೆ.

ಕ್ರುಪ್ ಈ ಕೋವಿ ಮಾಡಿದ್ದಲ್ಲ. ಅದು ನಳಿಗೆಯ ಉಕ್ಕಿನ ಹೆಸರು. ಜೋಡು ನಳಿಗೆಯ ನಡುವಿನ ಪಟ್ಟಿಯ ಮೇಲೆ ಬೇರೆ ಹೆಸರು ಇದ್ದರೂ ಅದು ಮಾರಿದ ಅಂಗಡಿಯದೇ ಇರಬಹುದು. ಸೂಲ್ ಊರಿನ ಕಸುಬುದಾರರು ಎಷ್ಟೋ ಅಂಗಡಿಗಳಿಗೆ ಹೀಗೆ ಮಾಡಿಕೊಡುತ್ತಿದ್ದರು. ನಳಿಗೆಯ ಅಡಿಯಲ್ಲಿ ಎಲ್ಲಾದರೂ ಎರಡು ಮೂರು ಪುಟ್ಟ ಅಕ್ಷರ ಒತ್ತಿದ್ದಾರಾ ನೋಡಿ. ಮಾಡಿದವರ ಸುಳಿವು ಸಿಗುವುದು ಅಲ್ಲೇ.

ನೀವು ಬರೆದ ಪಟ್ಟಿಯಲ್ಲಿ ಕಿರೀಟದ ಕೆಳಗೆ ಎನ್ ಇಲ್ಲ. ಅದು ಹೊಗೆಯಿಲ್ಲದ ಮದ್ದಿಗೆ, ಅಂದರೆ ನೈಟ್ರೋಗೆ, ಪರೀಕ್ಷೆ ಆದ ಗುರುತು. ದೀಪ ಹಿಡಿದು ಇನ್ನೊಮ್ಮೆ ನೋಡಿ. ಇಲ್ಲದಿದ್ದರೆ ಕಪ್ಪು ಮದ್ದಿನ ಕಾಲದ ಕೋವಿ ಅಂತಲೇ ತಿಳಿದು, ಬೆಷುಸಾಮ್ಟ್ ಅನ್ನುವ ಸರ್ಕಾರಿ ಪರೀಕ್ಷಾಲಯದಲ್ಲಿ ಮತ್ತೆ ಪರೀಕ್ಷೆ ಆಗುವ ತನಕ ಹಾರಿಸಬೇಡಿ.

ಇನ್ನೊಂದು ಮಾತು, ಇದು ಅರ್ಜೆಂಟ್. ವಾರಸಿಗೆ ಬಂದ ಕೋವಿಗೆ, ವಾರಸು ಒಪ್ಪಿಕೊಂಡ ಒಂದು ತಿಂಗಳೊಳಗೆ ಜರ್ಮನಿಯಲ್ಲಿ ಲೈಸೆನ್ಸಿಗೆ ಅರ್ಜಿ ಹಾಕಬೇಕು. ನಿಮ್ಮ ಗಂಡ ಹಾಕಿದ್ದಾರಾ?