ಅದೇ ರೀಲು, ಬೇರೆ ಕತ್ತರಿ

ಪ್ರಿಯ ಓದುಗರೇ,

ನಿಮ್ಮ ಪತ್ರ ಒಂಬತ್ತು ಪುಟ. ಅಷ್ಟಕ್ಕೂ ಇಲ್ಲಿ ಜಾಗವಿಲ್ಲ, ಸಾರವನ್ನಷ್ಟೇ ಕೊಡುತ್ತೇನೆ. ನೀವು 35 ವರ್ಷಗಳಿಂದ ಬೀಟಲ್ಸ್ (ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೊ ಸ್ಟಾರ್ ಎಂಬ ನಾಲ್ವರ ಇಂಗ್ಲಿಷ್ ರಾಕ್ ತಂಡ) ಕೇಳುತ್ತ ಬಂದವರು. ಹರೆಯದಲ್ಲಿ ಅವರ ತಾಲೀಮಿನ ‘ಲೆಟ್ ಇಟ್ ಬಿ’ ಸಾಕ್ಷ್ಯಚಿತ್ರವನ್ನು ಸವೆದುಹೋದ ವಿಡಿಯೊ ಕ್ಯಾಸೆಟ್ಟಿನಲ್ಲಿ ನೋಡಿ, ತಂಡ ಮುರಿದದ್ದು ಪಾಲ್ ಮೆಕಾರ್ಟ್ನಿಯ ಯಜಮಾನಿಕೆಯಿಂದಲೇ ಎಂದು ತೀರ್ಮಾನಿಸಿದಿರಿ. ಈಗ ಪೀಟರ್ ಜಾಕ್ಸನ್ ಅವರ ‘ಗೆಟ್ ಬ್ಯಾಕ್’ ಸಾಕ್ಷ್ಯಚಿತ್ರ ನೋಡಿದ್ದೀರಿ. ಅದೇ ತಿಂಗಳು, ಅದೇ ನಾಲ್ವರು, ಆದರೆ ಇಲ್ಲಿ ನಗುತ್ತಿದ್ದಾರೆ. “ಇಷ್ಟು ವರ್ಷ ನಂಬಿದ್ದು ಸುಳ್ಳೋ, ಈಗ ನೋಡಿದ್ದು ಸುಣ್ಣ ಬಳಿದದ್ದೋ?” ಎಂಬುದು ನಿಮ್ಮ ಪ್ರಶ್ನೆ.

ಎರಡೂ ಚಿತ್ರ ಹುಟ್ಟಿದ್ದು ಒಂದೇ ರೀಲಿನ ರಾಶಿಯಿಂದ. 1969ರ ಜನವರಿಯಲ್ಲಿ ಹಳೆಯ ಚಿತ್ರದ ನಿರ್ದೇಶಕ ಮೈಕಲ್ ಲಿಂಡ್ಸೆ-ಹಾಗ್ ಅವರ ತಂಡ ಲಂಡನ್ನಿನಲ್ಲಿ ಸುಮಾರು 60 ಗಂಟೆಗಳಷ್ಟು ದೃಶ್ಯ ಹಿಡಿಯಿತು. ಧ್ವನಿ ಇನ್ನೂ ಹೆಚ್ಚು, 150 ಗಂಟೆಗೂ ಮೇಲೆ. ಅದರಿಂದ 1970ರಲ್ಲಿ ಹೊರಬಂದದ್ದು ಸುಮಾರು 80 ನಿಮಿಷದ ಚಿತ್ರ. 2021ರಲ್ಲಿ ಜಾಕ್ಸನ್ ತೆಗೆದದ್ದು ಮೂರು ಭಾಗ, ಹತ್ತಿರಹತ್ತಿರ ಎಂಟು ಗಂಟೆ. ಅಂದರೆ ಜಾಕ್ಸನ್ ಕೂಡ ದೃಶ್ಯದ ಬಹುಪಾಲನ್ನು ಹೊರಗೇ ಇಟ್ಟಿದ್ದಾರೆ.

ಹಳೆಯ ಚಿತ್ರಕ್ಕೆ ಇನ್ನೊಂದು ದುರದೃಷ್ಟವಿತ್ತು. ಅದು ತೆರೆಗೆ ಬಂದದ್ದು ಮೇ ತಿಂಗಳಲ್ಲಿ. ಪಾಲ್ ತಂಡ ಬಿಟ್ಟ ಸುದ್ದಿ ಏಪ್ರಿಲ್‌ನಲ್ಲೇ ಪತ್ರಿಕೆಗಳಲ್ಲಿ ಬಂದಾಗಿತ್ತು. ಲಂಡನ್ನಿನ ಮೊದಲ ಪ್ರದರ್ಶನಕ್ಕೆ ನಾಲ್ವರಲ್ಲಿ ಒಬ್ಬರೂ ಹೋಗಲಿಲ್ಲ. ಸೂತಕದ ಮನೆಗೆ ಹೋದವರಿಗೆ ಗೋಡೆಯ ಮೇಲಿನ ಮದುವೆಯ ಫೋಟೊ ಕೂಡ ಅಳುತ್ತಿರುವಂತೆ ಕಾಣುತ್ತದೆ. ಪ್ರೇಕ್ಷಕರು ನೋಡಿದ್ದು ಆ ಕಣ್ಣಿನಿಂದ. ನೀವು ಕ್ಯಾಸೆಟ್ ಹಾಕಿದಾಗಲೂ ತಂಡ ಮುರಿದದ್ದು ನಿಮಗೆ ಗೊತ್ತೇ ಇತ್ತಲ್ಲ.

ಇಲ್ಲಿ ಒಂದು ವಿಚಿತ್ರವಿದೆ, ನಿಮ್ಮ ಪತ್ರದಲ್ಲಿ ಅದು ಬಂದಿಲ್ಲ. ಜನವರಿ 10ರಂದು ಜಾರ್ಜ್ ಹ್ಯಾರಿಸನ್ ತಂಡ ಬಿಟ್ಟು ಎದ್ದು ಹೋದರು. ಆ ತಿಂಗಳಲ್ಲಿ ಅದಕ್ಕಿಂತ ಕಹಿ ದಿನ ಇನ್ನೊಂದಿಲ್ಲ. ನಾವೆಲ್ಲ ‘ಜಗಳದ ಚಿತ್ರ’ ಎಂದು ಕರೆಯುತ್ತ ಬಂದ ಹಳೆಯ ಚಿತ್ರದಲ್ಲಿ ಅದರ ಸುಳಿವೇ ಇಲ್ಲ. ನೀವು ‘ಸುಣ್ಣ ಬಳಿದದ್ದು’ ಎನ್ನುವ ಹೊಸ ಚಿತ್ರದಲ್ಲಿ ಅದು ಪೂರ್ತಿ ಇದೆ. ಮರುಕಳಿಸುವ ಮೌನವಿದೆ. ಹೂಕುಂಡದಲ್ಲಿ ಬಚ್ಚಿಟ್ಟ ಮೈಕು ಕದ್ದು ಹಿಡಿದ, ಜಾನ್ ಮತ್ತು ಪಾಲ್ ತಾವು ಜಾರ್ಜ್‌ನನ್ನು ಹೇಗೆ ನಡೆಸಿಕೊಂಡೆವು ಎಂದು ಮಾತಾಡುವ ಸಂಭಾಷಣೆಯೂ ಇದೆ. ಹಾಗಾದರೆ ಮುಚ್ಚಿಟ್ಟವರು ಯಾರು, ಬಿಚ್ಚಿಟ್ಟವರು ಯಾರು? ನಿಮಗೆ ನಾಟಿದ ಆ ಮಾತು, ಬೇಕಾದಂತೆ ನುಡಿಸುತ್ತೇನೆ, ಬೇಡವೆಂದರೆ ನುಡಿಸುವುದೇ ಇಲ್ಲ ಎಂದು ಜಾರ್ಜ್ ಪಾಲ್‌ಗೆ ಹೇಳುವುದು, ಎರಡೂ ಚಿತ್ರದಲ್ಲಿದೆ. ಮೊದಲನೆಯದರಲ್ಲಿ ಅದು ತೀರ್ಪಿನ ಹಾಗೆ ಬಿದ್ದಿತು. ಎರಡನೆಯದರಲ್ಲಿ ಹಿಂದೆ ಮುಂದೆ ಇಷ್ಟು ಮಾತಿದೆ ಎಂದರೆ, ಅದು ಒಟ್ಟಿಗೆ ಕೆಲಸ ಮಾಡಿ ದಣಿದವರು ದಿನಕ್ಕೊಮ್ಮೆ ಆಡುವ ಮಾತಿನಂತೆ ಕೇಳಿಸುತ್ತದೆ.

ಮೊದಲ ಭಾಗದಲ್ಲಿ ನಿದ್ದೆ ಬಂತೆಂದು ನಾಚಿಕೊಂಡು ಬರೆದಿದ್ದೀರಿ. ನಾನೂ ತೂಕಡಿಸಿದವನೇ. ಆದರೆ ಆ ಬೇಸರವನ್ನು ಕತ್ತರಿಸಿದ್ದರೆ ಪಾಲ್ ಬೇಸ್ ಗಿಟಾರನ್ನು ಸುಮ್ಮನೆ ಪರಪರ ಮೀಟುತ್ತ ಕೂತಿರುವ ಆ ಗಳಿಗೆಗೆ ಬೆಲೆ ಇರುತ್ತಿರಲಿಲ್ಲ. ಎದುರಿಗೆ ಜಾರ್ಜ್ ಆಕಳಿಸುತ್ತಾರೆ. ರಿಂಗೊ ನೋಡುತ್ತ ಕೂತಿದ್ದಾರೆ. ಜಾನ್ ಇನ್ನೂ ಬಂದೇ ಇಲ್ಲ. ಎರಡು ನಿಮಿಷದಲ್ಲಿ ಏನೂ ಇಲ್ಲದ ಜಾಗದಿಂದ ‘ಗೆಟ್ ಬ್ಯಾಕ್’ ಹಾಡಿನ ಧಾಟಿ ಮೇಲೆದ್ದು ಬರುತ್ತದೆ, ಆಕಳಿಸಿದ ಜಾರ್ಜ್ ಗಿಟಾರು ಎತ್ತಿಕೊಳ್ಳುತ್ತಾರೆ. ಸಾವಿರ ಸಲ ಕೇಳಿದ ಹಾಡು ಇನ್ನೂ ಹಾಡಾಗುವ ಮುಂಚೆ ಹೇಗಿತ್ತೆಂದು ಕಾಣುವ ಭಾಗ್ಯ ಅಭಿಮಾನಿಗೆ ಎಷ್ಟು ಸಲ ಸಿಗುತ್ತದೆ? ನೀವು ಯಜಮಾನಿಕೆ ಎಂದದ್ದನ್ನು ನಾನು ಅಲ್ಲಿ ಬೇರೆಯಾಗಿ ಕಂಡೆ. ಕೆಲಸ ನಿಂತರೆ ತಂಡವೂ ನಿಲ್ಲುತ್ತದೆ ಎಂದು ಗೊತ್ತಿರುವವನ ಗಾಬರಿ ಅದು. ಇದು ನನ್ನ ಅಭಿಪ್ರಾಯ, ನೀವು ಒಪ್ಪಬೇಕಿಲ್ಲ.

ನಿಮ್ಮ ಅನುಮಾನದಲ್ಲಿ ಹುರುಳಿಲ್ಲ ಎನ್ನಲಾರೆ. ಹೊಸ ಚಿತ್ರದ ನಿರ್ಮಾಪಕರ ಪಟ್ಟಿಯಲ್ಲಿ ಪಾಲ್, ರಿಂಗೊ, ಜಾನ್‌ನ ಹೆಂಡತಿ ಯೋಕೊ ಓನೊ, ಜಾರ್ಜ್‌ನ ಹೆಂಡತಿ ಒಲಿವಿಯಾ ಹ್ಯಾರಿಸನ್ ಎಲ್ಲರೂ ಇದ್ದಾರೆ. ತಮ್ಮ ಕಥೆಗೆ ತಾವೇ ನಿರ್ಮಾಪಕರಾದಾಗ ನೋಡುವವರು ಎಚ್ಚರದಲ್ಲಿರಬೇಕು. ಧ್ವನಿ ಹೆಚ್ಚು, ದೃಶ್ಯ ಕಡಿಮೆ ಇದ್ದುದರಿಂದ ಕೆಲವೆಡೆ ಒಂದು ಹೊತ್ತಿನ ಮಾತಿಗೆ ಇನ್ನೊಂದು ಹೊತ್ತಿನ ಮುಖ ಬಂದಿದೆ. ಮಾತು ಹೊರಗೆ ಕೇಳಬಾರದೆಂದು ಅಂದು ತಂಡದವರು ಬೇಕೆಂದೇ ಗಿಟಾರು ಜೋರು ಮಾಡುತ್ತಿದ್ದರು. ಅರ್ಧ ಶತಮಾನದ ಮೇಲೆ ಕಂಪ್ಯೂಟರು ಗಿಟಾರನ್ನು ಬದಿಗೆ ಸರಿಸಿ ಮಾತನ್ನು ಹೊರಗೆ ತೆಗೆಯಿತು. (ಇದೇ ಬಗೆಯ ತಂತ್ರದಿಂದಲೇ ಜಾನ್‌ನ ಹಳೆಯ ಕ್ಯಾಸೆಟ್ಟಿನಿಂದ ದನಿ ಬಿಡಿಸಿ 2023ರಲ್ಲಿ ‘ನೌ ಆ್ಯಂಡ್ ದೆನ್’ ಹಾಡು ಹೊರಬಂತು.) ಅವರು ಮುಚ್ಚಿಕೊಂಡ ಮಾತನ್ನು ನಾವು ಕಿವಿಗೊಟ್ಟು ಕೇಳಬಹುದೇ ಎಂಬುದು ನನ್ನನ್ನು ನಿಮ್ಮ ಪ್ರಶ್ನೆಗಿಂತ ಹೆಚ್ಚು ಕಾಡಿದೆ. ಕೇಳಿದೆ ಎಂಬುದಂತೂ ನಿಜ.

ಕತ್ತರಿ ಎಂದರೇನೆಂದು ಸಂಪಾದಕನ ಕೆಲಸ ಮಾಡುವವರಿಗೆ ಚೆನ್ನಾಗಿ ಗೊತ್ತು. ಮೇಲಿನ ನನ್ನ ಸಾರಾಂಶವನ್ನು ಇನ್ನೊಮ್ಮೆ ಓದಿ ನೋಡಿ: ಅದರಲ್ಲಿ ನೀವು ಮೋಸಹೋದೆನೆಂದು ಮುನಿಸಿಕೊಂಡ ಅಭಿಮಾನಿ. ನಾನು ಒಂದು ಸುಳ್ಳನ್ನೂ ಸೇರಿಸಿಲ್ಲ. ಆದರೆ ಜನವರಿ 30ರಂದು ಲಂಡನ್ನಿನ ಕಟ್ಟಡವೊಂದರ ಚಾವಣಿಯ ಮೇಲೆ ತಂಡ ಹಾಡಿದ ಆ 42 ನಿಮಿಷವನ್ನು ಮೂರು ಸಲ ಹಿಂದಕ್ಕೆ ತಿರುಗಿಸಿ ನೋಡಿದೆ ಎಂದು ಆರನೆಯ ಪುಟದಲ್ಲಿ ಬರೆದಿದ್ದೀರಿ. ಮೂರನೆಯ ಸಲ ಅಣ್ಣನಿಗೆ ಫೋನ್ ಮಾಡಿ ಕಿವಿಗೆ ಕೇಳಿಸಿದಿರಂತೆ. ಪಾಲ್‌ನ ಪರವೋ ಜಾರ್ಜ್‌ನ ಪರವೋ ಎಂದು ಹರೆಯದಿಂದ ಜಗಳವಾಡಿದ್ದು ಆ ಅಣ್ಣನ ಜೊತೆಗೇ ಅಂತೆ. ಆ ಭಾಗವನ್ನು ಜಾಗದ ನೆಪ ಹೇಳಿ ನಾನು ತೆಗೆದಿದ್ದೆ.

ಫೋನಿನಲ್ಲಿ ಅಣ್ಣ ಏನೆಂದರು ಎಂಬುದನ್ನು ನೀವೂ ಬರೆದಿಲ್ಲ. ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಕತ್ತರಿ ಹಾಕದೆ ಅಚ್ಚು ಮಾಡುತ್ತೇನೆ.

ಸಂಪಾದಕ