ಖಾಲಿ ಬೆಂಚಿನ ಲೆಕ್ಕ

ಪ್ರಶ್ನೆ: ನಾನು ಗದಗ ಕಡೆಯ ಒಂದು ಸಣ್ಣ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕ್ರೈಸ್ತ ಸಭೆಯ ಕಾರ್ಯದರ್ಶಿ. ವಯಸ್ಸು 47. ಕೊರೊನಾಕ್ಕೆ ಮುಂಚೆ ನಮ್ಮ ಸಭೆಯಲ್ಲಿ 85 ಮನೆ, ಭಾನುವಾರಕ್ಕೆ 150 ಜನ. ಈಗ ನಿರ್ಬಂಧಗಳೆಲ್ಲ ಹೋದರೂ 70 ದಾಟುತ್ತಿಲ್ಲ. ಉಳಿದವರು ಯೂಟ್ಯೂಬ್‌ನಲ್ಲಿ ನೋಡುತ್ತೇವೆ ಅನ್ನುತ್ತಾರೆ. ಅದನ್ನು ನಿಲ್ಲಿಸಿಬಿಟ್ಟರೆ ತಾವಾಗಿಯೇ ಬರುತ್ತಾರೆ ಎನ್ನುವುದು ಅಯ್ಯನವರ (ಪಾದ್ರಿಗಳ) ಅಭಿಪ್ರಾಯ. ಎರಡನೇ ಅಲೆಯಲ್ಲಿ ಮೂವರು ತೀರಿಕೊಂಡರು. ಅವರಲ್ಲೊಬ್ಬರು ಮೂವತ್ತು ವರ್ಷ ನಮಗೆ ಹಾಡು ಎತ್ತಿಕೊಟ್ಟವರು. ಅವರ ಹೆಂಡತಿಯನ್ನು ಆರಾಧನೆಗೆ ಕರೆಯಲು ಹೋದರೆ "ಮಣ್ಣಿಗೆ ಬರಲಿಲ್ಲ, ಈಗ ತಲಿ ಎಣಸಾಕ ಬಂದೀರೇನು?" ಎಂದು ಬಾಗಿಲು ಹಾಕಿಕೊಂಡರು. ಎರಡು ವರ್ಷ ರೇಷನ್ ಕಿಟ್, ಆಸ್ಪತ್ರೆ ಬೆಡ್ ಹುಡುಕಾಟ, ಲೈವ್ ಎಲ್ಲವೂ ನನ್ನ ಮೇಲೆಯೇ ಇತ್ತು. ಮೊನ್ನೆ ಈಸ್ಟರ್ ದಿನ ಎಲ್ಲರೂ ಹಾಡುವಾಗ ನನಗೆ ಏನೂ ಅನಿಸಲಿಲ್ಲ, ಬರೀ ದಣಿವು. ಇಂಥವಳು ಯಾವ ಮುಖ ಇಟ್ಟುಕೊಂಡು ಬೇರೆಯವರಿಗೆ ಧೈರ್ಯ ಹೇಳಲಿ? ಹುದ್ದೆ ಬಿಡಲೇ? ಬಿಡದಿದ್ದರೆ ಮೊದಲು ಯಾರ ಮನೆಗೆ ಹೋಗಲಿ?

ಉತ್ತರ: ಸಹೋದರಿ, ನೀವು ಕೇಳಿದ್ದಕ್ಕೆಲ್ಲ ಉತ್ತರ ಆ ಅಕ್ಕ ಬಾಗಿಲು ಹಾಕುವಾಗ ಆಡಿದ ಮಾತಿನಲ್ಲೇ ಇದೆ. ನಿಮ್ಮ ಕಡೆ ಮದುವೆಗೆ ಹೋಗದಿದ್ದರೆ ಜನ ಮರೆತಾರು, ಮಣ್ಣಿಗೆ ಹೋಗದಿದ್ದರೆ ಮರೆಯುವುದಿಲ್ಲ. 2021ರ ಏಪ್ರಿಲ್ ಕೊನೆಯ ಆದೇಶದಲ್ಲಿ ಅಂತ್ಯಕ್ರಿಯೆಗೆ ಐದೇ ಜನ ಎಂದಿತ್ತು. ಆ ದಿನ ನೀವು ಹೋಗದೆ ಇದ್ದದ್ದು ತಪ್ಪಲ್ಲ, ಅದು ಅವರಿಗೂ ಗೊತ್ತು. ಆದರೆ ಅದೇ ವರ್ಷ ಜುಲೈ 5ರಿಂದ ಪೂಜಾಸ್ಥಳಗಳ ಬಾಗಿಲು ತೆಗೆಯಲು ಅನುಮತಿ ಸಿಕ್ಕಿತ್ತು. ಅಲ್ಲಿಂದ ಇಲ್ಲಿಯವರೆಗೆ ಬೇಕಾದಷ್ಟು ಸಮಯ ಇತ್ತು. ಅಷ್ಟರಲ್ಲಿ ಸಭೆಯಿಂದ ಯಾರಾದರೂ ಆ ಮನೆಗೆ ಹೋಗಿ ಸುಮ್ಮನೆ ಕೂತು ಬಂದಿದ್ದರೆ ನೀವು ಬರೆಯುತ್ತಿದ್ದಿರಿ. ಬರೆದಿಲ್ಲ.

ಆದ್ದರಿಂದ 150ರಲ್ಲಿ 70 ಕಳೆದು ಉಳಿದ 80 ಜನರನ್ನು "ವಿಶ್ವಾಸದಲ್ಲಿ ತಣ್ಣಗಾದವರು" ಎಂದು ಬರೆದಿಡಬೇಡಿ. ಹಾಜರಿ ಎಣಿಸುವ ಚಾಳಿ ನಮ್ಮ ಸಭೆಗಳಿಗೆ ಈ ಕಡೆ ಸಭೆಗಳನ್ನು ಕಟ್ಟಿದ ಬಾಸೆಲ್ ಮಿಷನ್ನಿನ ವಾರ್ಷಿಕ ವರದಿಗಳ ಕಾಲದಿಂದಲೂ ಅಂಟಿಕೊಂಡಿದೆ, ಬೇಗ ಬಿಡುವಂಥದ್ದಲ್ಲ. ಆದರೂ ಈ ಎರಡು ತಿಂಗಳು ಆ ಎಣಿಕೆಯನ್ನು ಬದಿಗಿಡಿ. ಬಾರದವರ ಕಾರಣ ಒಂದೇ ಅಲ್ಲ. ಕೆಲವರಿಗೆ ಮಂಡಿ ಹಿಡಿದಿದೆ, ಎರಡು ವರ್ಷ ಕೂತಲ್ಲೇ ಕೂತ ಹಿರಿಯರು ದೇವಾಲಯದ ನಾಲ್ಕು ಮೆಟ್ಟಿಲಿಗೂ ಹೆದರುತ್ತಾರೆ. ಕೆಲವರ ಸಂಬಳ ನಿಂತಿತ್ತು, ಬಾಕಿ ಉಳಿದ ಸಭಾ ವಂತಿಗೆ ನೆನೆದು ನಾಚಿಕೆ. ಕೆಲವರು ಊರನ್ನೇ ಬಿಟ್ಟಿದ್ದಾರೆ. ಸೋಮಾರಿತನವೂ ಇದೆ, ಇಲ್ಲವೆಂದಲ್ಲ. ಯಾವುದು ಯಾವ ಮನೆಯಲ್ಲಿದೆ ಎಂಬುದು ಒಳಗೆ ಹೋಗಿ ಕೂತಾಗ ತಿಳಿಯುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ "ಎಲ್ಲರೂ ತಪ್ಪದೆ ಬರಬೇಕು" ಎಂದು ಹಾಕಿದರೆ ತಿಳಿಯುವುದಿಲ್ಲ.

85 ಮನೆಯಲ್ಲಿ ಈಗ ಬರುವವರನ್ನು ಬಿಟ್ಟರೆ ಹೆಚ್ಚೆಂದರೆ 50 ಮನೆ ಉಳಿಯುತ್ತವೆ. ನಾಲ್ಕು ಜೋಡಿ ಮಾಡಿ. ಒಂದು ಜೋಡಿ ವಾರಕ್ಕೆ ಎರಡೇ ಮನೆಗೆ ಹೋದರೂ ಏಳು ವಾರದಲ್ಲಿ ಮುಗಿಯುತ್ತದೆ. ಜೋಡಿಯಲ್ಲಿ ಒಬ್ಬರಾದರೂ ಹೆಂಗಸು ಇರಲಿ. ಐದಾರು ಜನರ ದಂಡು ಬೇಡ, ಅಷ್ಟು ಜನ ಬಂದರೆ ಮನೆಯವರು ಚಹಾ ಮಾಡುವುದರಲ್ಲೇ ಮುಳುಗುತ್ತಾರೆ, ಮಾತು ಬರುವುದಿಲ್ಲ. ರಸೀದಿ ಪುಸ್ತಕ, ಕಾಣಿಕೆ ಲಕೋಟೆ ಚೀಲದಲ್ಲೂ ಇರಬಾರದು. ಚೀಲದ ಬಾಯಲ್ಲಿ ರಸೀದಿ ಪುಸ್ತಕದ ತುದಿ ಕಂಡರೆ ಆ ಭೇಟಿ ಅಲ್ಲಿಗೇ ಮುಗಿಯಿತು.

ಭೇಟಿ ಕೆಡುವುದು ಸಾಮಾನ್ಯವಾಗಿ ಮೊದಲ ಪ್ರಶ್ನೆಯಲ್ಲೇ. "ಯಾಕ ಬರವಲ್ಲಿರಿ?" ಎಂದು ಕೇಳಿದರೆ ಎದುರಿನವರು ಕಟಕಟೆಯಲ್ಲಿ ನಿಂತ ಹಾಗೆ ನೆಪ ಹುಡುಕುತ್ತಾರೆ. "ಆ ದಿನ ಹೆಂಗ ಕಳದ್ರಿ ಅಕ್ಕಾ?" ಎಂದು ಕೇಳಿ ಸುಮ್ಮನಾಗಿ. ನಡುವೆ ಮೌನ ಬಂದರೆ ತುಂಬಲು ಹೋಗಬೇಡಿ. ಸಾವಾದ ಮನೆಯಲ್ಲಿ "ಎಲ್ಲ ದೇವರ ಚಿತ್ತ" ಎಂದು ಅವಸರದಲ್ಲಿ ಹೇಳಬೇಡಿ, ಯಾವ ಆಸ್ಪತ್ರೆ, ಯಾಕೆ ತಡ ಮಾಡಿದಿರಿ, ಲಸಿಕೆ ಆಗಿತ್ತೇ ಎಂದು ಕೆದಕಲೇಬೇಡಿ. ಅವರು ಮಾತಾಡಿ ಮುಗಿಸಿದ ಮೇಲೆ ಬೈಬಲಿನ ಒಂದು ಕೀರ್ತನೆ ಓದಿ. 121 ಸಾಕು, ಎಂಟೇ ವಚನ. ಪ್ರಾರ್ಥನೆಯಲ್ಲಿ ತೀರಿಕೊಂಡವರ ಹೆಸರನ್ನು ಬಾಯಿಬಿಟ್ಟು ಹೇಳಿ, ಎಷ್ಟೋ ಮನೆಗಳಲ್ಲಿ ಆ ಹೆಸರನ್ನು ವರ್ಷದಿಂದ ಯಾರೂ ಗಟ್ಟಿಯಾಗಿ ಹೇಳಿಲ್ಲ. ಮುಕ್ಕಾಲು ಗಂಟೆ ಮೀರಬೇಡಿ. ಮನೆಗೆ ಬಂದ ಮೇಲೆ ಯಾರಿಗೆ ಕಾಯಿಲೆ, ಏನು ಬೇಕು, ಮತ್ತೆ ಯಾವಾಗ ಹೋಗಬೇಕು ಎಂದಷ್ಟೇ ಬರೆದಿಟ್ಟುಕೊಳ್ಳಿ. ಅದನ್ನು ಆ ಜೋಡಿ ಮತ್ತು ಅಯ್ಯನವರು ಬಿಟ್ಟು ಬೇರೆ ಯಾರೂ ನೋಡಕೂಡದು.

ಈ ಭೇಟಿಗಳಲ್ಲಿ ಕಾಗದಪತ್ರದ ಒಂದು ಕೆಲಸವೂ ಇದೆ. ಕೋವಿಡ್‌ನಿಂದ ತೀರಿಕೊಂಡವರ ಕುಟುಂಬಕ್ಕೆ 50,000 ರೂಪಾಯಿ ಪರಿಹಾರ ಗೊತ್ತುಮಾಡಲಾಗಿತ್ತು. 2022ರ ಮಾರ್ಚ್ 20ಕ್ಕೆ ಮುಂಚಿನ ಸಾವುಗಳಿಗೆ ಅರ್ಜಿ ಹಾಕಲು ಸುಪ್ರೀಂ ಕೋರ್ಟ್ ಆ ವರ್ಷ ಮಾರ್ಚ್ 24ರಿಂದ 60 ದಿನ ಕೊಟ್ಟಿತ್ತು, ಆ ಗಡುವು ಮುಗಿದಿದೆ. ಮರಣ ಪ್ರಮಾಣಪತ್ರ, ಆರ್‌ಟಿಪಿಸಿಆರ್ ವರದಿ ಅಥವಾ ಆಸ್ಪತ್ರೆಯ ದಾಖಲೆ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಒಟ್ಟು ಮಾಡಿಕೊಂಡು ಇನ್ನೂ ದಾರಿ ಇದೆಯೇ ಎಂದು ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ. ಪ್ರಮಾಣಪತ್ರದಲ್ಲಿ ಕೋವಿಡ್ ಎಂದು ಬರೆದಿಲ್ಲ ಎಂದು ಬಿಟ್ಟವರು ಬಹಳ. ಪರೀಕ್ಷೆಯಾದ 30 ದಿನದೊಳಗಿನ ಸಾವಿಗೂ ಇದು ಅನ್ವಯಿಸುತ್ತಿತ್ತು. ಆ ಮೂರು ಮನೆಯವರಿಗೆ ಇದು ಬಂದಿದೆಯೇ ಎಂದು ಸಭೆ ಕೇಳಿದೆಯೇ?

ಇನ್ನು ಬಾಕಿ ಉಳಿದ ಮಣ್ಣು. ಎರಡನೇ ಅಲೆಯಲ್ಲಿ ತೀರಿಕೊಂಡವರ ಮಣ್ಣಿಗೆ ಸಭೆ ಸೇರಲಾಗಿರಲಿಲ್ಲ. ಒಂದು ಸ್ಮರಣೆಯ ಆರಾಧನೆ ಇಡಿ, ಆದರೆ ಭಾನುವಾರದ ಆರಾಧನೆಯ ನಡುವೆ ತುರುಕಬೇಡಿ. ಶನಿವಾರ ಸಂಜೆ ನಾಲ್ಕೂವರೆಗೆ ಇಟ್ಟುಕೊಳ್ಳಿ. ಕೋವಿಡ್ ಸಾವು ಮಾತ್ರವಲ್ಲ, 2020ರ ಮಾರ್ಚ್‌ನಿಂದ ಯಾವ ಕಾರಣಕ್ಕೆ ತೀರಿಕೊಂಡವರನ್ನೂ ಸೇರಿಸಿ. ಮೊದಲ ಲಾಕ್‌ಡೌನ್‌ನಲ್ಲಿ ಹೃದಯಾಘಾತದಿಂದ ಹೋದವರ ಮಣ್ಣಿಗೂ 20 ಜನರ ಮಿತಿಯೇ ಇತ್ತು. ಹೆಸರು, ಫೋಟೊ ಎರಡಕ್ಕೂ ಮನೆಯವರ ಒಪ್ಪಿಗೆ ಪಡೆಯಿರಿ. ಫೋಟೊ ಬೇಡ ಎಂದವರದು ಹೆಸರಷ್ಟೇ ಸಾಕು. ಪ್ರಸಂಗ (ಉಪದೇಶ) ಏಳೆಂಟು ನಿಮಿಷ ಮೀರದಿರಲಿ. ಹಾಡು ಎತ್ತಿಕೊಡುತ್ತಿದ್ದವರಿಗೆ ಪ್ರಿಯವಾದ ಸಂಗೀತ ಯಾವುದೆಂದು ಅವರ ಹೆಂಡತಿಯನ್ನೇ ಕೇಳಿ. ಆ ಸಂಜೆ ಅವರು ನಿಲ್ಲುತ್ತಿದ್ದ ಜಾಗದಲ್ಲಿ ಯಾರೂ ನಿಲ್ಲಬೇಡಿ. ಹಾರ್ಮೋನಿಯಂ ಒಂದು ಸಾಲು ನುಡಿಸಲಿ, ಸಭೆಯೇ ಹಾಡು ಹಿಡಿಯಲಿ, ತಪ್ಪಿದರೆ ತಪ್ಪಲಿ.

ಅಲ್ಲಿಂದ ಬೆಳಕಿರುವಾಗಲೇ ಸಮಾಧಿ ಸ್ಥಳಕ್ಕೆ ಹೋಗಿ. ಒಂದು ಮಳೆಗಾಲ ಕಳೆದ ಗೋರಿಯ ಮಣ್ಣು ಕುಸಿದೇ ಇರುತ್ತದೆ, ಮೇಲೆ ಕಲ್ಲು ಹಾಕಿಸಿರದಿದ್ದರೆ ಹೊಸ ಮಣ್ಣು ಬೇಕಾಗುತ್ತದೆ. ಹಿಂದಿನ ದಿನವೇ ನಾಲ್ಕು ಬುಟ್ಟಿ ಒಳ್ಳೆಯ ಮಣ್ಣು ತರಿಸಿಡಿ. ಅಂದು ಮಣ್ಣಿಗೆ ಬರಲಾಗದಿದ್ದವರು ಒಬ್ಬೊಬ್ಬರಾಗಿ ಒಂದೊಂದು ಹಿಡಿ ಹಾಕಲಿ. ಕಲ್ಲು ಕೂರಿಸಿದ್ದರೆ ಹೂವು ಇಡಲಿ. ಭಾಷಣ ಬೇಡ, ಮೊಬೈಲ್ ಬೇಡ.

ಯೂಟ್ಯೂಬ್ ವಿಷಯದಲ್ಲಿ ಅಯ್ಯನವರ ಮಾತನ್ನು ಒಪ್ಪುವುದು ಕಷ್ಟ. ಅದನ್ನು ದಿಢೀರನೆ ನಿಲ್ಲಿಸಿದರೆ ಮೊದಲು ಪೆಟ್ಟು ಬೀಳುವುದು ಹಾಸಿಗೆ ಹಿಡಿದವರಿಗೆ, ಸೋಮಾರಿಗಳಿಗಲ್ಲ. ಸೋಮಾರಿಗೆ ಇನ್ನೊಂದು ಸಭೆಯ ಚಾನೆಲ್ ಒಂದೇ ಬೆರಳಿನ ದೂರದಲ್ಲಿದೆ. ಬೈಬಲಿನಲ್ಲಿ ಯೋಹಾನನು ತನ್ನ ಎರಡನೇ ಪತ್ರದ ಕೊನೆಯಲ್ಲಿ, ಬರೆಯುವುದು ಬಹಳ ಇದ್ದರೂ ಕಾಗದ ಮಸಿಯಲ್ಲಿ ಬೇಡ, ಮುಖಾಮುಖಿ ಮಾತಾಡಿದರೆ ಸಂತೋಷ ಪೂರ್ಣವಾದೀತು ಎನ್ನುತ್ತಾನೆ. ಹಾಗಂತ ಪತ್ರ ಬರೆಯದೆ ಬಿಡಲಿಲ್ಲ. ಪ್ರಸಾರ ನಡೆಯಲಿ, ಆದರೆ ಅದಕ್ಕೆ ಎರಡು ಹೊಣೆ ಕಟ್ಟಿ. ನೋಡುವವರ ಪಟ್ಟಿ ಇಟ್ಟುಕೊಂಡು ಅದೇ ಭಾನುವಾರ ಮಧ್ಯಾಹ್ನ ಯುವಕರು ಫೋನ್ ಮಾಡಲಿ. ಹೊರಗೆ ಬರಲಾಗದವರ ಮನೆಗೆ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಅದೇ ವಾರದಲ್ಲಿ ಮುಟ್ಟಲಿ. ಕ್ಯಾಮೆರಾ ಮಾತ್ರ ಗೋಡೆಯ ಪಕ್ಕಕ್ಕೆ ಸರಿಯಲಿ, ನಡುದಾರಿಯಲ್ಲಿ ಟ್ರೈಪಾಡ್ ನಿಂತರೆ ಎದುರಿಗೆ ಕೂತವರೇ ಹೊರಗಿನವರಾಗುತ್ತಾರೆ.

ಬರಲು ಮನಸ್ಸಿದ್ದೂ ಹೆದರುವ ಹಿರಿಯರಿಗೆ ಉಪದೇಶಕ್ಕಿಂತ ಆಟೊ ಮುಖ್ಯ. ಜೊತೆಗೆ ಹಿಡಿದುಕೊಳ್ಳಲು ಮೆಟ್ಟಿಲ ಪಕ್ಕ ಒಂದು ಕಬ್ಬಿಣದ ಪೈಪು, ಕಿಟಕಿ ಪಕ್ಕದ ಎರಡು ಸಾಲು ಅವರಿಗೇ ಮೀಸಲು. ಆರಾಧನೆಗೆ ಅರ್ಧ ಗಂಟೆ ಮುಂಚೆ ಎದುರುಬದುರಿನ ಕಿಟಕಿಗಳನ್ನೆಲ್ಲ ತೆಗೆಯಿರಿ. ಸೋಂಕು ಗಾಳಿಯಲ್ಲಿ ನಿಲ್ಲುತ್ತದೆ, ಹಾಡುವಾಗ ಮಾತಿಗಿಂತ ಹೆಚ್ಚು ಹೊರಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಸೀಲಿಂಗ್ ಫ್ಯಾನ್ ಹಾಕಿದರೆ ಅದೇ ಗಾಳಿ ಒಳಗೇ ಸುತ್ತುತ್ತದೆ. ಎರಡು ವರ್ಷ ಹಾಡದ ಕಂಠಗಳು ಮೇಲಿನ ಸ್ವರಕ್ಕೆ ಏರುವುದಿಲ್ಲ, ಹಾಡದೆ ನಿಂತವರನ್ನು ನೋಡಿ ಉತ್ಸಾಹ ಹೋಯಿತು ಅಂದುಕೊಳ್ಳುತ್ತೇವೆ. ಕೀಬೋರ್ಡ್‌ನಲ್ಲಿ ಶ್ರುತಿಯನ್ನು ಎರಡು ಮನೆ ಇಳಿಸಿ ನೋಡಿ. ಕರ್ತನ ಭೋಜನದಲ್ಲಿ ಒಂದೇ ಬಟ್ಟಲಿಗೆ ಅಂಜುವವರಿದ್ದರೆ ಚಿಕ್ಕ ಬಟ್ಟಲುಗಳನ್ನು ಇಡಿ. ಎಲ್ಲರೂ ರೊಟ್ಟಿಯನ್ನು ಅದ್ದುವ ಪದ್ಧತಿ ಶುದ್ಧ ಅನಿಸುತ್ತದೆ, ಆದರೆ ಹತ್ತು ಜನರಲ್ಲಿ ಒಬ್ಬರ ಬೆರಳಾದರೂ ರಸಕ್ಕೆ ತಾಗಿಯೇ ತಾಗುತ್ತದೆ.

ಈಗ ನಿಮ್ಮ ವಿಷಯ. ಬೈಬಲಿನ ಎಜ್ರನ ಪುಸ್ತಕದ ಮೂರನೇ ಅಧ್ಯಾಯದಲ್ಲಿ ಬಾಬೆಲಿನ ಸೆರೆಯಿಂದ ಮರಳಿದ ಯೆಹೂದ್ಯರು ದೇವಾಲಯದ ಅಸ್ತಿವಾರ ಹಾಕುತ್ತಾರೆ. ಹಳೆಯದನ್ನು ಕಂಡಿದ್ದ ಮುದುಕರು ಗಟ್ಟಿಯಾಗಿ ಅಳುತ್ತಾರೆ, ಉಳಿದವರು ಸಂತೋಷದಿಂದ ಆರ್ಭಟಿಸುತ್ತಾರೆ, ಯಾವುದು ಅಳು ಯಾವುದು ಆರ್ಭಟ ಎಂದು ಗೊತ್ತಾಗುವುದಿಲ್ಲ. ಅಳುವವರು ಮನೆಗೆ ಹೋಗಲಿ ಎಂದು ಅಲ್ಲಿ ಬರೆದಿಲ್ಲ. ಈಸ್ಟರ್ ದಿನ ನೀವು ಬಾಯಿ ಮುಚ್ಚಿ ನಿಂತದ್ದೂ ಆರಾಧನೆಯ ಒಳಗೇ. ಪ್ರವಾದಿ ಎಲೀಯನು ಜಾಲಿಗಿಡದ ಕೆಳಗೆ "ಸಾಕು" ಎಂದಾಗ ದೂತನು ಪ್ರಸಂಗ ಮಾಡಲಿಲ್ಲ, ರೊಟ್ಟಿ ನೀರು ಕೊಟ್ಟ. ಅವನು ಮತ್ತೆ ಮಲಗಿದ. ಎದ್ದಾಗ ಮತ್ತೆ ಊಟ. ನಿಮ್ಮ ದಣಿವಿಗೂ ಅದೇ ಮದ್ದು. ಹುದ್ದೆ ಬಿಡಬೇಡಿ, ಹೊರೆ ಇಳಿಸಿ: ಲೈವ್ ಯುವಕರಿಗೆ, ಲೆಕ್ಕ ಖಜಾಂಚಿಗೆ, ನೋಟಿಸ್ ಇನ್ನೊಬ್ಬರಿಗೆ, ಎರಡು ತಿಂಗಳಾದರೂ. ಒಂದು ಭಾನುವಾರ ಪರಿಚಯವಿಲ್ಲದ ಸಭೆಯ ಕೊನೆಯ ಬೆಂಚಿನಲ್ಲಿ ಯಾವ ಜವಾಬ್ದಾರಿಯೂ ಇಲ್ಲದೆ ಕೂತು ಬನ್ನಿ. ಆದರೆ ಎರಡು ವಾರಕ್ಕೂ ಹೆಚ್ಚು ನಿದ್ದೆ, ಹಸಿವು ಕೆಟ್ಟಿದ್ದರೆ, ಬದುಕೇ ಬೇಡ ಅನಿಸಿದರೆ ಅದನ್ನು ಬರೀ ದಣಿವು ಎಂದು ತಳ್ಳಿಹಾಕಬೇಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ, ಇಲ್ಲವೇ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಪ್ರಾರ್ಥನೆ ಮಾಡುವವರು ಮಾತ್ರೆ ನುಂಗಬಾರದೆಂದು ಎಲ್ಲೂ ಇಲ್ಲ.

ಯಾವ ಮುಖ ಇಟ್ಟುಕೊಂಡು ಎಂದು ಕೇಳಿದ್ದೀರಿ. ಈಗಿರುವ ಇದೇ ದಣಿದ ಮುಖ. ನಗುತ್ತಾ ಬಂದವರಿಗೆ ಆ ಅಕ್ಕ ಬಾಗಿಲು ತೆಗೆಯುವುದು ಕಷ್ಟ. ಮೊದಲ ಮನೆ ಅವರದೇ. ಒಬ್ಬರೇ ಹೋಗಬೇಡಿ, ಅವರ ಗಂಡನ ಪಕ್ಕ ನಿಂತು ಹಾಡುತ್ತಿದ್ದ ಯಾರಾದರೂ ಜೊತೆಗಿರಲಿ. "ಮಣ್ಣಿಗೆ ಬರಲಿಲ್ಲರಿ ಅಕ್ಕಾ, ಆಮ್ಯಾಲೂ ಬರಲಿಲ್ಲ, ತಪ್ಪಾತು" ಎಂದಷ್ಟೇ ಹೇಳಿ. ಆದೇಶದ ನೆಪ ತೆಗೆಯಬೇಡಿ. ಮತ್ತೆ ಬಾಗಿಲು ಹಾಕಿಕೊಂಡರೆ ಸಿಟ್ಟಾಗದೆ ಮುಂದಿನ ವಾರ ಅದೇ ಹೊತ್ತಿಗೆ ಹೋಗಿ. ಭಾನುವಾರದ ಮಾತು ನೀವಾಗಿ ಎತ್ತಬೇಡಿ. ರಿಜಿಸ್ಟರ್ ಮನೆಯಲ್ಲೇ ಇರಲಿ.