ಓದುಗರ ಪ್ರಶ್ನೆ: ವಿಮಾನ ಹತ್ತಲು ರೈಲಿನಲ್ಲಿ ಹೋಗಬಹುದೇ?

ಪ್ರಶ್ನೆ: ನಾವು ಮಲ್ಲೇಶ್ವರದ ನಿವಾಸಿಗಳು. ಮುಂದಿನ ತಿಂಗಳು ನಾನೂ ನನ್ನ ಪತ್ನಿಯೂ ವಿಮಾನದಲ್ಲಿ ಪುಣೆಗೆ ಹೋಗಬೇಕಾಗಿದೆ. ವಿಮಾನ ಹೊರಡುವುದು ಮಧ್ಯಾಹ್ನ 12 ಗಂಟೆಗೆ. ಟ್ಯಾಕ್ಸಿಯವರು ಸಾವಿರಕ್ಕೂ ಹೆಚ್ಚು ಕೇಳುತ್ತಿದ್ದಾರೆ. ದೇವನಹಳ್ಳಿಯ ಕಡೆ ಹೋಗುವ ರೈಲು ವಿಮಾನ ನಿಲ್ದಾಣದ ಹತ್ತಿರವೇ ನಿಲ್ಲುತ್ತದೆ ಎಂದು ಪಕ್ಕದ ಮನೆಯವರು ಹೇಳಿದರು. ರೈಲು ತಡವಾದರೆ ವಿಮಾನ ತಪ್ಪೀತೆಂದು ನನ್ನ ಪತ್ನಿಗೆ ಅಳುಕು. ನಂಬಿ ಹೊರಡಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ನೆರೆಯವರು ಹೇಳಿದ್ದು ನಿಜ. ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದಲ್ಲಿ ದೊಡ್ಡಜಾಲಕ್ಕೂ ದೇವನಹಳ್ಳಿಗೂ ನಡುವೆ ಕೆಐಎ ಹಾಲ್ಟ್ ಎಂಬ ಸಣ್ಣ ನಿಲ್ದಾಣವಿದ್ದು, 2021ರ ಜನವರಿಯಿಂದ ಅಲ್ಲಿ ಪ್ರಯಾಣಿಕರ ಗಾಡಿಗಳು ನಿಲ್ಲುತ್ತಿವೆ. ಆದರೆ ಹಾಲ್ಟ್‌ನಲ್ಲಿ ಇಳಿದ ಮಾತ್ರಕ್ಕೆ ಟರ್ಮಿನಲ್ ಸಿಕ್ಕಂತಾಗುವುದಿಲ್ಲ. ಮೂರು ಕಿಲೋಮೀಟರಿಗೂ ಹೆಚ್ಚು ದೂರ ಉಳಿದಿರುತ್ತದೆ. ರೈಲಿನ ವೇಳೆಗೆ ಹೊಂದಿಸಿ ಸಂಪರ್ಕ ಬಸ್ಸಿನ ವ್ಯವಸ್ಥೆಯನ್ನು ಮೊದಲಿನಿಂದಲೂ ಮಾಡಲಾಗಿದೆಯಾದರೂ ನೀವು ಹೊರಡುವ ದಿನ ಆ ಬಸ್ಸು ಇದೆಯೇ ಎಂದು ಹಿಂದಿನ ದಿನವೇ ವಿಮಾನ ನಿಲ್ದಾಣದ ಸಹಾಯವಾಣಿಗೆ ಕರೆ ಮಾಡಿ ಕೇಳಿಕೊಳ್ಳಿ.

ಟಿಕೆಟ್ಟಿನ ದರ ಟ್ಯಾಕ್ಸಿ ಬಾಡಿಗೆಯ ಮುಂದೆ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಆದುದರಿಂದಲೇ ಜನ ದರವನ್ನಷ್ಟೇ ನೋಡಿ ತೀರ್ಮಾನಕ್ಕೆ ಬರುತ್ತಾರೆ, ನೋಡಬೇಕಾದದ್ದು ಎರಡು ಗಾಡಿಗಳ ನಡುವಿನ ಅಂತರವನ್ನು. ಈ ಮಾರ್ಗದಲ್ಲಿ ದಿನಕ್ಕೆ ಓಡುವ ಗಾಡಿಗಳು ಕೆಲವೇ ಕೆಲವು. ಅವುಗಳಲ್ಲಿಯೂ ಕೆಲವಕ್ಕೆ ಭಾನುವಾರ ರಜೆ. ಯಲಹಂಕದಿಂದ ಮುಂದೆ ಒಂಟಿ ಹಳಿಯಾದ್ದರಿಂದ ಎದುರಿನಿಂದ ಬರುವ ಗಾಡಿಗೆ ದಾರಿ ಬಿಡಲು ನಿಮ್ಮ ಗಾಡಿ ಯಾವುದಾದರೊಂದು ಸ್ಟೇಷನ್ನಿನಲ್ಲಿ ಸುಮ್ಮನೆ ನಿಂತುಬಿಡಬಹುದು. ಮೆಟ್ರೊ ತಪ್ಪಿದರೆ ಹತ್ತು ನಿಮಿಷದಲ್ಲಿ ಮತ್ತೊಂದು ಬರುತ್ತದೆ. ಇಲ್ಲಿ ತಪ್ಪಿದರೆ ಅಂದಿನ ಮಟ್ಟಿಗೆ ರೈಲಿನ ಆಸೆಯನ್ನೇ ಬಿಡಬೇಕಾಗುತ್ತದೆ.

ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಹಾಕಿ. ದೇಶದೊಳಗಿನ ವಿಮಾನಗಳಿಗೆ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಲಗೇಜು ಒಪ್ಪಿಸುವ ಕೌಂಟರ್ ಮುಚ್ಚುತ್ತದೆ, ಅಂದರೆ ನಿಮಗೆ 11 ಗಂಟೆಯೇ ಗಡುವು. ಸರತಿಯಲ್ಲಿ ನಿಲ್ಲುವ ಹೊತ್ತನ್ನೂ ಸೇರಿಸಿ 10 ಗಂಟೆಗೆ ಟರ್ಮಿನಲ್ ಬಾಗಿಲಲ್ಲಿರಬೇಕು. ಸಂಪರ್ಕ ಬಸ್ಸಿಗಾಗಿ ಕಾಯುವುದಕ್ಕೂ ಅದರಲ್ಲಿ ಹೋಗುವುದಕ್ಕೂ ಅರ್ಧ ಗಂಟೆ ಬಿಟ್ಟರೆ ಒಂಬತ್ತೂವರೆ. ಗಾಡಿ ತಡವಾದೀತೆಂದು ಇನ್ನೊಂದು ಮುಕ್ಕಾಲು ಗಂಟೆ ಬಿಟ್ಟರೆ, ವೇಳಾಪಟ್ಟಿಯ ಪ್ರಕಾರ ಎಂಟೂಮುಕ್ಕಾಲರೊಳಗೆ ಹಾಲ್ಟ್ ತಲುಪುವ ಗಾಡಿಯನ್ನೇ ನೀವು ಹಿಡಿಯಬೇಕು. ಅಂಥ ಗಾಡಿ ಇದ್ದರೆ ಹೊರಡಿ, ಇಲ್ಲದಿದ್ದರೆ ಯೋಚನೆಯನ್ನು ಕೈಬಿಡಿ. ಆ ಗಾಡಿ ಮಲ್ಲೇಶ್ವರದಲ್ಲೇ ನಿಲ್ಲುತ್ತದೆಯೋ, ಯಶವಂತಪುರಕ್ಕೆ ಹೋಗಿ ಹತ್ತಬೇಕೋ ಎಂಬುದನ್ನೂ ಮೊದಲೇ ನೋಡಿಟ್ಟುಕೊಳ್ಳಿ.

ನಾನಾದರೆ ಯಲಹಂಕವನ್ನು ತೀರ್ಮಾನದ ಜಾಗವಾಗಿ ಇಟ್ಟುಕೊಳ್ಳುತ್ತೇನೆ. ಗಾಡಿ ಅಲ್ಲಿಗೆ ಬರುವಷ್ಟರಲ್ಲಿ ಅರ್ಧ ಗಂಟೆಗಿಂತ ಹೆಚ್ಚು ತಡವಾಗಿದ್ದರೆ ಮುಲಾಜಿಲ್ಲದೆ ಇಳಿದು ಹೊರಗೆ ಟ್ಯಾಕ್ಸಿ ಹಿಡಿಯಿರಿ. ಹೆಬ್ಬಾಳದ ವಾಹನದಟ್ಟಣೆ ಅಷ್ಟರಲ್ಲಿ ಹಿಂದೆ ಉಳಿದಿರುವುದರಿಂದ ಬಾಡಿಗೆಯೂ ಮಲ್ಲೇಶ್ವರದಿಂದ ಕೊಡಬೇಕಾದಷ್ಟು ಇರುವುದಿಲ್ಲ, ಹೊತ್ತೂ ಅಷ್ಟು ಹಿಡಿಯುವುದಿಲ್ಲ. ಯಲಹಂಕ ದಾಟಿದ ಮೇಲೆ ಬೆಟ್ಟಹಲಸೂರಿನಲ್ಲೋ ದೊಡ್ಡಜಾಲದಲ್ಲೋ ಗಾಡಿ ನಿಂತುಬಿಟ್ಟರೆ ಇಳಿದು ಟ್ಯಾಕ್ಸಿ ಹುಡುಕುವುದು ಅಷ್ಟು ಸುಲಭವಲ್ಲ. ನಿಮ್ಮ ಶ್ರೀಮತಿಯವರಿಗೆ ಈ ಏರ್ಪಾಡನ್ನು ವಿವರಿಸಿ ಹೇಳಿದರೆ ಅವರ ಅಳುಕು ಸ್ವಲ್ಪ ಕಡಿಮೆಯಾದೀತು. ಆಗಲೂ ಅವರು ಟ್ಯಾಕ್ಸಿಯೇ ಬೇಕೆಂದರೆ ವಾದಕ್ಕೆ ಇಳಿಯದಿರುವುದು ಕ್ಷೇಮ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟಿದ್ದೇನೆ. ದಾವಣಗೆರೆಯಿಂದ ಸಂಜೆ ರೈಲಿನಲ್ಲಿ ಮೆಜೆಸ್ಟಿಕ್‌ಗೆ ಬಂದು ಇಳಿಯುತ್ತೇನೆ. ವಿಮಾನ ರಾತ್ರಿ ಎರಡೂವರೆಗೆ. ಎರಡು ದೊಡ್ಡ ಸೂಟ್‌ಕೇಸ್‌ಗಳಿವೆ. ಅಲ್ಲಿಂದ ಮತ್ತೊಂದು ರೈಲು ಹಿಡಿಯಲೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ದಯವಿಟ್ಟು ಬೇಡ, ಮೇಡಂ. ರಾತ್ರಿಯ ವಿಮಾನಗಳಿಗೆ ಹೊಂದುವಂಥ ರೈಲು ಈ ಮಾರ್ಗದಲ್ಲಿಲ್ಲ. ಇದ್ದರೂ ಡೆಮು, ಮೆಮು ಗಾಡಿಗಳು ನಿತ್ಯ ಕೆಲಸಕ್ಕೆ ಹೋಗಿಬರುವವರ ಗಾಡಿಗಳು. ದೊಡ್ಡ ಸೂಟ್‌ಕೇಸ್ ಇಡಲು ಅವುಗಳಲ್ಲಿ ಬೇರೆ ಜಾಗವಿರುವುದಿಲ್ಲ, ಹಾಲ್ಟ್‌ನಲ್ಲಿ ನಿಲ್ಲುವುದೂ ಸ್ವಲ್ಪ ಹೊತ್ತು ಮಾತ್ರ. ಒಬ್ಬರೇ ಎರಡು ಸೂಟ್‌ಕೇಸ್‌ಗಳನ್ನು ಇಳಿಸಿಕೊಳ್ಳುವ ಸಾಹಸ ತಮಗೆ ಬೇಕಿಲ್ಲ.

ಟ್ಯಾಕ್ಸಿಯ ಖರ್ಚು ಬೇಡವೆನ್ನುವುದಾದರೆ ತಮಗೆ ಸರಿಹೊಂದುವುದು ಬಿಎಂಟಿಸಿಯ ವಾಯು ವಜ್ರ ಬಸ್ಸು. ಈ ಹವಾನಿಯಂತ್ರಿತ ಬಸ್ಸುಗಳು ಮೆಜೆಸ್ಟಿಕ್‌ನ ಕೆಂಪೇಗೌಡ ಬಸ್ ನಿಲ್ದಾಣದಿಂದ ರಾತ್ರಿಯೂ ಸಿಗುತ್ತವೆ, ಲಗೇಜಿಗೆ ಒಳಗೇ ಜಾಗವಿರುತ್ತದೆ, ಟರ್ಮಿನಲ್ ತನಕ ಹೋಗುತ್ತವೆ. ರೈಲ್ವೆ ಸ್ಟೇಷನ್ನಿನಿಂದ ಬಸ್ ನಿಲ್ದಾಣಕ್ಕೆ ರಸ್ತೆ ದಾಟುವಷ್ಟು ದೂರ ಮಾತ್ರವಾದರೂ ಕೂಲಿಯವರ ಸಹಾಯ ಪಡೆಯಲು ಸಂಕೋಚ ಪಡಬೇಡಿ. 2023ರ ಸೆಪ್ಟೆಂಬರಿನಿಂದ ವಿದೇಶದ ವಿಮಾನಗಳು ಎರಡನೆಯ ಟರ್ಮಿನಲ್‌ನಿಂದ ಹೊರಡುತ್ತಿವೆ. ಬಸ್ ಹತ್ತುವಾಗಲೇ ಕಂಡಕ್ಟರಿಗೆ ಟಿ-2 ಎಂದು ಹೇಳಿಡಿ.

ಪ್ರಶ್ನೆ: ಚಿಕ್ಕಬಳ್ಳಾಪುರದಿಂದ ಹೋಗುವವರಿಗೆ ಈ ರೈಲಿನಿಂದ ಉಪಯೋಗವಿದೆಯೇ?
– ವಿದ್ಯಾರ್ಥಿ, ಚಿಕ್ಕಬಳ್ಳಾಪುರ

ಉತ್ತರ: ಬೆಂಗಳೂರಿನವರಿಗಿಂತ ಹೆಚ್ಚು. ನಂದಿ, ದೇವನಹಳ್ಳಿ ದಾಟಿದರೆ ನಿಮ್ಮ ಹಾಲ್ಟ್. ಗಾಡಿ ತಪ್ಪಿದರೂ ಹೆದ್ದಾರಿಯಲ್ಲಿ ದೇವನಹಳ್ಳಿಯವರೆಗೆ ಬಸ್ಸುಗಳು ಸಿಗುತ್ತವೆ, ಅಲ್ಲಿಂದ ಆಟೊ ಸಿಗುತ್ತದೆ. ಒಂದೇ ಬ್ಯಾಗಿದ್ದು ಹಗಲು ವಿಮಾನವಾಗಿದ್ದರೆ ಧಾರಾಳವಾಗಿ ಹೋಗಿ.

ಪ್ರಶ್ನೆ: ಟರ್ಮಿನಲ್ ಬಾಗಿಲಿಗೇ ಹೋಗುವ ರೈಲು ಬೆಂಗಳೂರಿಗೆ ಬರುವುದೇ ಇಲ್ಲವೇ?
– ಓದುಗರೊಬ್ಬರು, ಜಯನಗರ

ಉತ್ತರ: ಎರಡು ಯೋಜನೆಗಳಿವೆ. ಮೊದಲನೆಯದು ನಮ್ಮ ಮೆಟ್ರೊದ ನೀಲಿ ಮಾರ್ಗ. ಸೆಂಟ್ರಲ್ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರ, ಹೆಬ್ಬಾಳಗಳ ಮೂಲಕ ವಿಮಾನ ನಿಲ್ದಾಣ ತಲುಪುವ ಸುಮಾರು 58 ಕಿಲೋಮೀಟರ್ ಉದ್ದದ ಈ ಮಾರ್ಗಕ್ಕೆ ಕೇಂದ್ರ ಸಚಿವ ಸಂಪುಟ 2021ರ ಏಪ್ರಿಲ್‌ನಲ್ಲಿ ಒಪ್ಪಿಗೆ ನೀಡಿತು. ಎರಡನೆಯದು ಉಪನಗರ ರೈಲಿನ ಸಂಪಿಗೆ ಮಾರ್ಗ. ಕೆಎಸ್ಆರ್ ಬೆಂಗಳೂರಿನಿಂದ ದೇವನಹಳ್ಳಿಗೆ 41 ಕಿಲೋಮೀಟರ್. ಉಪನಗರ ರೈಲು ಯೋಜನೆಗೆ ಪ್ರಧಾನಿಯವರು ಶಂಕುಸ್ಥಾಪನೆ ಮಾಡಿದ್ದು 2022ರ ಜೂನ್‌ನಲ್ಲಿ. ದೇವನಹಳ್ಳಿಯ ವಿಮಾನ ನಿಲ್ದಾಣ ಕೆಲಸ ಆರಂಭಿಸಿದ್ದು 2008ರಲ್ಲಿ ಎಂಬುದನ್ನು ನೆನೆದರೆ, ಊರಿನಿಂದ ಮೂವತ್ತೈದು ಕಿಲೋಮೀಟರ್ ದೂರದಲ್ಲಿ ವಿಮಾನ ನಿಲ್ದಾಣ ಕಟ್ಟಿ ಹಳಿಯ ಯೋಚನೆಯನ್ನು ಹದಿಮೂರು ವರ್ಷ ಮುಂದೂಡಿದವರ ಧೈರ್ಯವನ್ನು ಮೆಚ್ಚಲೇಬೇಕು. ನಿಮ್ಮ ಜಯನಗರದವರಿಗೆ ಸದ್ಯಕ್ಕೆ ವಾಯು ವಜ್ರವೇ ಗತಿ.

ಪ್ರಶ್ನೆ: ದೆಹಲಿಗೆ ರೈಲಿನಲ್ಲಿ ಹೋಗಿ ಅಲ್ಲಿಂದ ವಿಮಾನದಲ್ಲಿ ಲೇಹ್‌ಗೆ ಹೋಗುವವರಿದ್ದೇವೆ. ಅಲ್ಲಿ ಟ್ಯಾಕ್ಸಿಯವರ ಕಾಟ ತಪ್ಪಿಸಿಕೊಳ್ಳುವುದು ಹೇಗೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ದೆಹಲಿಯಲ್ಲಿ ರೈಲನ್ನು ನೆಚ್ಚಿಕೊಂಡು ಹೋಗಬಹುದು. ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೊ 2011ರಲ್ಲಿ ಆರಂಭವಾಗಿದ್ದು, ನವದೆಹಲಿ ಸ್ಟೇಷನ್ನಿನಿಂದ ಮೂರನೆಯ ಟರ್ಮಿನಲ್‌ಗೆ ಸುಮಾರು ಇಪ್ಪತ್ತು ನಿಮಿಷದಲ್ಲಿ ತಲುಪಿಸುತ್ತದೆ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಹೋದರೆ ನವದೆಹಲಿಯಲ್ಲೇ ಇಳಿಯುತ್ತೀರಿ. ಅಜ್ಮೇರಿ ಗೇಟ್ ಕಡೆಯಿಂದ ಹೊರಗೆ ಬಂದರೆ ಆ ಮೆಟ್ರೊ ನಿಲ್ದಾಣ ಎದುರಿಗೇ ಇದೆ. ಪಹಾಡ್‌ಗಂಜ್ ಕಡೆಗೆ ಇಳಿದುಬಿಟ್ಟರೆ ನೀವು ಹೇಳಿದ ಕಾಟ ಎದುರಾಗುವುದು ಅಲ್ಲೇ.

ಸಂಪರ್ಕಕ್ರಾಂತಿಯಲ್ಲಿ ಹೋದರೆ ಹಜರತ್ ನಿಜಾಮುದ್ದೀನ್‌ನಲ್ಲಿ ಇಳಿಯಬೇಕಾಗುತ್ತದೆ. ಅಲ್ಲಿಂದ ಗುಲಾಬಿ ಮಾರ್ಗದ ಮೆಟ್ರೊದಲ್ಲಿ ದುರ್ಗಾಬಾಯಿ ದೇಶಮುಖ್ ಸೌತ್ ಕ್ಯಾಂಪಸ್ ತಲುಪಿ, ಉದ್ದನೆಯ ಮೇಲ್ಸೇತುವೆಯಲ್ಲಿ ನಡೆದು ಧೌಲಾ ಕುಆಂ ನಿಲ್ದಾಣದಲ್ಲಿ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಹಿಡಿಯಬಹುದು. ನಡಿಗೆ ಸ್ವಲ್ಪ ಹೆಚ್ಚೇ. ಚಲಿಸುವ ಪಟ್ಟಿಗಳಿರುವುದರಿಂದ ಗಾಲಿಯ ಸೂಟ್‌ಕೇಸ್ ಇದ್ದವರಿಗೆ ಅಷ್ಟೇನೂ ಕಷ್ಟವಾಗದು.

ಎಲ್ಲಕ್ಕಿಂತ ಮೊದಲು ಟಿಕೆಟ್ಟಿನಲ್ಲಿ ಟರ್ಮಿನಲ್ ಯಾವುದೆಂದು ನೋಡಿ. ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಒಂದನೆಯ ಟರ್ಮಿನಲ್‌ಗೆ ಹೋಗುವುದಿಲ್ಲ. ನಿಮ್ಮ ವಿಮಾನ ಅಲ್ಲಿಂದ ಹೊರಡುವುದಾದರೆ ನವದೆಹಲಿಯಿಂದ ಹಳದಿ ಮಾರ್ಗದಲ್ಲಿ ಹೌಜ್ ಖಾಸ್‌ಗೆ ಬಂದು, ಅಲ್ಲಿ ಮೆಜೆಂಟಾ ಮಾರ್ಗಕ್ಕೆ ಬದಲಾಯಿಸಿ ಟರ್ಮಿನಲ್ 1 ನಿಲ್ದಾಣದಲ್ಲಿ ಇಳಿಯಬೇಕು. ಲೇಹ್‌ಗೆ ವಿಮಾನಗಳು ಹೆಚ್ಚಾಗಿ ಬೆಳಗಿನ ಜಾವದಲ್ಲಿ ಹೊರಡುವುದರಿಂದ ಮೊದಲ ಮೆಟ್ರೊ ಎಷ್ಟು ಹೊತ್ತಿಗೆ ಎಂದು ತಿಳಿದುಕೊಂಡು, ಅದು ಸಾಲದಿದ್ದರೆ ಹಿಂದಿನ ರಾತ್ರಿಯ ಕೊನೆಯ ಮೆಟ್ರೊದಲ್ಲೇ ವಿಮಾನ ನಿಲ್ದಾಣದ ಪಕ್ಕದ ಏರೋಸಿಟಿಗೆ ಹೋಗಿ ಅಲ್ಲಿನ ಯಾವುದಾದರೂ ಹೋಟೆಲಿನಲ್ಲಿ ತಂಗಿರಿ.